ಹಲ್ಲಿಲ್ಲದ ಎತ್ತು

ಶೋರೂಮಿನ ಬಿಳಿ ಟೈಲ್ಸ್ ಮೇಲೆ ನಮ್ಮ ಕಾಕಾ ಕುಕ್ಕರುಗಾಲಲ್ಲಿ ಕೂತು ಎಲೆಕ್ಟ್ರಿಕ್ ಸ್ಕೂಟರಿನ ಮುಖವನ್ನೇ ನೋಡುತ್ತಿದ್ದ. ಹೆಡ್‌ಲೈಟಿನ ಕೆಳಗೆ ಬೆರಳಾಡಿಸಿದ. ಮಡ್‌ಗಾರ್ಡ್ ಎತ್ತಲು ಹೋದ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ಹುಡುಗ ಓಡಿಬಂದ.

“ಏನ್ ಹುಡಕಾಕತ್ತೀರಿ ಯಜಮಾನ್ರ?”

“ಹಲ್ಲು,” ಅಂದ ಕಾಕಾ.

ಹುಡುಗ ನಕ್ಕ, ನಾನೂ ನಕ್ಕೆ. ಕಾಕಾ ಮಾತ್ರ ನಗಲಿಲ್ಲ.

ನಮ್ಮದು ಬಸವನ ಬಾಗೇವಾಡಿ. ಬಸವಣ್ಣ ಹುಟ್ಟಿದ ಊರು. ಊರ ಹೆಸರಿನಲ್ಲೇ ಎತ್ತು ನಿಂತಿದೆ. ಕಾಕಾನ ಕಾಲದಲ್ಲಿ ಮನೆಗೊಂದು ಎತ್ತು ಬರಬೇಕಾದರೆ ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ವಿಜಯಪುರದ ಮಗ್ಗುಲ ತೊರವಿಯಲ್ಲಿ ಕೂಡುವ ದನದ ಜಾತ್ರೆಗೆ ಹೋಗಬೇಕಿತ್ತು. ರೊಟ್ಟಿ ಬುತ್ತಿ ಕಟ್ಟಿಕೊಂಡು ಎರಡು ದಿನ ಅಲ್ಲೇ ಠಿಕಾಣಿ. ಬಾಯಿ ತೆರೆಸಿ ಹಲ್ಲು ಎಣಿಸಬೇಕು: ಎರಡು ಹಲ್ಲೋ, ನಾಲ್ಕೋ, ಆರೋ, ಎಂಟೂ ಬಂದು ಬಾಯಿಗೂಡಿದೆಯೋ. ಮೈಮೇಲಿನ ಸುಳಿ ನೋಡಬೇಕು. ಕೆಟ್ಟ ಸುಳಿ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ನಡೆಸಬೇಕು, ಓಡಿಸಬೇಕು, ಬಂಡಿಗೆ ಹೂಡಿ ಎಳೆಸಬೇಕು. ಕಡೆಗೆ ಟವೆಲ್ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳು ಹಿಡಿದು ರೇಟು ಮುರಿಯಬೇಕು. ಇಷ್ಟೆಲ್ಲ ಆದಮೇಲೂ ಕಾಕಾ ಮಾರುವವನನ್ನು ಒಂದು ಮಾತು ಕೇಳಿಯೇ ಕೇಳುತ್ತಿದ್ದ: “ನಿಮ್ಮೂರು ಯಾವ್ದು?” ಎತ್ತು ನಾಳೆ ಮಲಗಿಬಿಟ್ಟರೆ ಯಾರ ಬಾಗಿಲು ಬಡಿಯಬೇಕು ಅನ್ನುವುದು ಗೊತ್ತಿರಬೇಕಲ್ಲ!

ಆ ಮನೆತನದ ಕುಡಿಯಾದ ನಾನು ಲಕ್ಷ ರೂಪಾಯಿಯ ಸ್ಕೂಟರನ್ನು ಮೊಬೈಲ್ ಪರದೆಯ ಮೇಲೆ ಹೆಬ್ಬೆರಳಾಡಿಸಿ ಆರಿಸುತ್ತಿದ್ದೆ. ಅದೂ ಐದು ವರ್ಷದಿಂದ.

ಹೌದು, ನಮ್ಮ ಮನೆಯಲ್ಲಿ ಈ ಮಾತು ಎದ್ದದ್ದು 2021ರಲ್ಲಿ. ಆ ವರ್ಷ ಜೂನಿನಲ್ಲಿ ಕೇಂದ್ರ ಸರ್ಕಾರ ಫೇಮ್-2 ಯೋಜನೆಯ ಸಬ್ಸಿಡಿಯನ್ನು ಬ್ಯಾಟರಿಯ ಒಂದೊಂದು ಕಿಲೋವ್ಯಾಟ್ ಗಂಟೆಗೆ 15,000 ರೂಪಾಯಿಗೆ ಏರಿಸಿತು. ‘ಏರಿದ್ದು ಇನ್ನೂ ಏರೀತು, ತಡಿ’ ಅಂದೆ. 2022ರ ಬೇಸಿಗೆಯಲ್ಲಿ ದೇಶದ ಅಲ್ಲಲ್ಲಿ ಸ್ಕೂಟರುಗಳು ನಿಂತಲ್ಲೇ ಹತ್ತಿಕೊಂಡು ಉರಿದವು. ‘ಆರಲಿ, ತಡಿ’ ಅಂದೆ. ಬ್ಯಾಟರಿ ಸುರಕ್ಷತೆಗೆ ಎಐಎಸ್-156 ಎಂಬ ಬಿಗಿ ನಿಯಮ 2022ರ ಡಿಸೆಂಬರಿನಲ್ಲಿ ಒಂದು ಹಂತ, 2023ರ ಮಾರ್ಚಿನಲ್ಲಿ ಇನ್ನೊಂದು ಹಂತ ಅಂತ ಜಾರಿಗೆ ಬಂತು. ಬೆಂಕಿಯ ಭಯ ಇಳಿಯಿತು ಅಂದುಕೊಳ್ಳುವಷ್ಟರಲ್ಲಿ, ಅದೇ ವರ್ಷದ ಜೂನಿಗೆ ಸಬ್ಸಿಡಿ 10,000ಕ್ಕೆ ಇಳಿಯಿತು. 2024ರ ಏಪ್ರಿಲಿಗೆ 5,000. 2025ರ ಏಪ್ರಿಲಿಗೆ 2,500, ಅದೂ ಒಂದು ಗಾಡಿಗೆ ಹೆಚ್ಚೆಂದರೆ 5,000 ರೂಪಾಯಿ. ನಮ್ಮ ಸೀಮೆಯ ಬಾವಿಗಳೂ ಬೇಸಿಗೆಯಿಂದ ಬೇಸಿಗೆಗೆ ಹೀಗೆಯೇ ಇಳಿಯುತ್ತವೆ. ಆದರೆ ಬಾವಿಗೆ ಮಳೆಗಾಲ ಅನ್ನುವುದೊಂದಿದೆ. ಇದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಸ್ಕೂಟರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಬಂತು. ಎಲೆಕ್ಟ್ರಿಕ್‌ನದು ಮೊದಲಿನ ಹಾಗೆ ಶೇ 5. ಎರಡರ ನಡುವಿನ ಅಂತರ ಕಡಿಮೆಯಾಯಿತು, ನನ್ನ ಗೊಂದಲ ಹೆಚ್ಚಾಯಿತು.

ಎಲೆಕ್ಟ್ರಿಕ್ ವಾಹನಕ್ಕೆಂದೇ ದೇಶದಲ್ಲಿ ಮೊಟ್ಟಮೊದಲು ನೀತಿ ಬರೆದ ರಾಜ್ಯ ನಮ್ಮದು, 2017ರಲ್ಲಿ. ಆ ನೀತಿ ಬೆಂಗಳೂರಿನಿಂದ ಹೊರಟು ಎಲ್ಲಿಗೆ ಬಂದಿದೆಯೋ ತಿಳಿಯದು. ದಾರಿಯಲ್ಲಿ ಚಾರ್ಜಿಗೆ ನಿಂತಿರಬೇಕು.

ಐದು ವರ್ಷದಲ್ಲಿ ಸಲಹೆಗಾರರಿಗೇನೂ ಬರ ಬರಲಿಲ್ಲ. ನಮ್ಮ ಬೀಗತನ ಜಿಲ್ಲೆಯ ದಿಕ್ಕುದಿಕ್ಕಿಗೂ ಹಬ್ಬಿದೆ. ಅಕ್ಕನನ್ನು ಕೊಟ್ಟದ್ದು ಇಂಡಿಗೆ, ನನ್ನ ಹೆಂಡತಿಯ ತವರು ಸಿಂದಗಿ, ತಮ್ಮ ನೌಕರಿಗೆ ಇರುವುದು ಮುದ್ದೇಬಿಹಾಳದಲ್ಲಿ. ಒಂದೊಂದು ಊರಿನಿಂದ ಒಂದೊಂದು ಉಪದೇಶ ಬಂತು.

ಮೊದಲು ಇಂಡಿಯ ಭಾವನದು. ಇಂಡಿಯೆಂದರೆ ನಿಂಬೆ. ಜಿಐ ಗುರುತು ಪಡೆದು ವಿಮಾನ ಹತ್ತಿ ಪರದೇಶಕ್ಕೆ ಹೋಗುವ ನಿಂಬೆ. ಭಾವನೂ ನಿಂಬೆ ಬೆಳೆಗಾರ. ಹಾಗಾಗಿ ಎಲ್ಲವನ್ನೂ ಹಿಂಡಿ ನೋಡುವ ಸ್ವಭಾವ. ಅವನು ಅರ್ಧ ಬೆಲೆಯ ಗಾಡಿ ಹುಡುಕಿ ತಂದ. “ಲೈಸೆನ್ಸ್ ಬ್ಯಾಡ, ಪಾಸಿಂಗ್ ಬ್ಯಾಡ, ಇನ್ಸೂರನ್ಸ್ ಬ್ಯಾಡ, ನಿಮ್ಮ ಅವ್ವನೂ ಹೊಡಿಬಹುದು!” ಕಾನೂನಿನಲ್ಲಿ ಇದು ನಿಜವೇ. ಮೋಟಾರು 250 ವ್ಯಾಟ್ ಒಳಗಿದ್ದು ವೇಗ ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ಅದು ಮೋಟಾರು ವಾಹನವೇ ಅಲ್ಲ, ಸೈಕಲ್ಲಿನ ಸೋದರ. ಆದರೆ 250 ವ್ಯಾಟ್ ಅಂದರೆ ಒಂದು ಅಶ್ವಶಕ್ತಿಯ ಮೂರನೇ ಒಂದು ಪಾಲು. ಕುದುರೆಯ ಯಾವ ಭಾಗ ಆ ಪಾಲಿಗೆ ಬಂದಿದೆ ಅನ್ನುವುದು ಅಕ್ಕ ಹಿಂದೆ ಕೂತ ದಿನ ತಿಳಿಯಿತು. ಏರು ಬಂದಲ್ಲಿ ಅಕ್ಕ ಇಳಿದು ನಡೆದಳು. ಗಾಡಿಗಿಂತ ಮೊದಲು ಮೇಲೆ ಮುಟ್ಟಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕಾದಳು.

ಅಂಗಡಿಯವನ ಹತ್ತಿರ ಇದಕ್ಕೂ ಮದ್ದಿತ್ತು. “ಒಂದ್ ವೈರ್ ಕಟ್ ಮಾಡಿದ್ರ 45 ಓಡತೈತ್ರೀ.” ವೈರು ಕತ್ತರಿಸಿದ ಕ್ಷಣವೇ ಅದು ಮತ್ತೆ ಮೋಟಾರು ವಾಹನ, ಕೆಎ-28 ನಂಬರಿಲ್ಲದ, ವಿಮೆಯಿಲ್ಲದ, ಪೊಲೀಸರ ಮುಂದೆ ಹಾಯಬಾರದ ವಾಹನ. ಯಾರಿಗಾದರೂ ಗುದ್ದಿದರೆ ಪರಿಹಾರಕ್ಕೆ ಭಾವನ ನಿಂಬೆ ತೋಟವೇ ಗತಿ. ಅಗ್ಗದ ಬ್ಯಾಟರಿ ಸೀಸದ್ದು, ಗ್ಯಾರಂಟಿ ಒಂದು ವರ್ಷದ್ದು. ಹದಿಮೂರನೆಯ ತಿಂಗಳಿನಿಂದ ಆ ಗಾಡಿ ತೋಟದಲ್ಲಿ ಕಾಯಿಚೀಲ ಆನಿಸಿ ನಿಲ್ಲಿಸಲು ಬಹಳ ಉಪಯೋಗಕ್ಕೆ ಬರುತ್ತಿದೆ.

ಎರಡನೆಯದು ಸಿಂದಗಿಯ ಉಪದೇಶ. ಅಳಿಯ ಪದೇ ಪದೇ ಬರಲಿ ಅಂತ ಮಾವನವರಿಗೆ ಆಸೆ. “ದೊಡ್ಡ ಬ್ಯಾಟರೀದ ತಗೋರಿ ಅಳಿಯಂದ್ರ, ಒಂದ ಚಾರ್ಜಿನ್ಯಾಗ ಬಂದು ಹೋಗಿ ಮಾಡಬಹುದು.” ಬಾಗೇವಾಡಿಯಿಂದ ಸಿಂದಗಿ ಐವತ್ತು ಕಿಲೋಮೀಟರಿನ ಮೇಲೆ. ಹೋಗಿಬರಲು ನೂರು ದಾಟುತ್ತದೆ. ಕುಟುಂಬಕ್ಕೆಂದೇ ಏಥರ್ ಕಂಪನಿ 2024ರ ಏಪ್ರಿಲಿನಲ್ಲಿ ತಂದ ರಿಜ್ಟಾ ನೋಡಿದೆ: 2.9 ಕಿಲೋವ್ಯಾಟ್ ಗಂಟೆಯ ಬ್ಯಾಟರಿಗೆ 123 ಕಿಲೋಮೀಟರ್ ಎಂದು ಕಾಗದದಲ್ಲಿದೆ. ಹೊಸ ಅವತಾರದ ಚೇತಕ್, ಟಿವಿಎಸ್ ಐಕ್ಯೂಬ್, ಎಲ್ಲದರ ಕಾಗದದಲ್ಲೂ ಇಂಥದೊಂದು ಅಂಕಿ ಇದೆ. ಈ ಅಂಕಿ ಹುಟ್ಟುವುದು ‘ಇಂಡಿಯನ್ ಡ್ರೈವಿಂಗ್ ಸೈಕಲ್’ ಎಂಬ ಪರೀಕ್ಷೆಯಲ್ಲಿ. ಪ್ರಯೋಗಾಲಯದ ಉರುಳೆಗಳ ಮೇಲೆ ಗಾಡಿ ನಿಂತಲ್ಲೇ ಓಡುತ್ತದೆ. ಉರುಳೆಗೆ ತಗ್ಗಿಲ್ಲ, ದಿಬ್ಬವಿಲ್ಲ, ಎದುರು ಗಾಳಿಯಿಲ್ಲ, ಸಿಂದಗಿ ರಸ್ತೆಯ ಕಬ್ಬಿನ ಟ್ರ್ಯಾಕ್ಟರ್ ಇಲ್ಲ. ಹಿಂದೆ ಹೆಂಡತಿ, ನಡುವೆ ಮಗ, ಮುಂದೆ ತವರಿಗೆ ಒಯ್ಯುವ ಶೇಂಗಾ ಹಿಂಡಿಯ ಡಬ್ಬಿ ಇಲ್ಲ. ಇವೆಲ್ಲ ಸೇರಿದರೆ 123 ಎಂಬುದು ಎಂಬತ್ತೋ ತೊಂಬತ್ತೋ ಆಗುತ್ತದೆ. ಅಂದರೆ ಸಿಂದಗಿಗೆ ಮುಟ್ಟುವುದು ಖಾತ್ರಿ. ತಿರುಗಿ ಬರುವುದು ಬೀಗರ ಮನೆಯ ಪ್ಲಗ್ಗಿನ ದಯೆ. ಮನೆಯ ಚಾರ್ಜರಿನಲ್ಲಿ ಬ್ಯಾಟರಿ ತುಂಬಲು ತಾಸುಗಟ್ಟಲೆ ಬೇಕು. ಊಟಕ್ಕೆ ಕೂತವನನ್ನು ‘ಇನ್ನೆರಡು ಹೋಳಿಗೆ’ ಎಂದು ಕೂರಿಸುವ ಅತ್ತೆಯವರ ಕೆಲಸವನ್ನು ಈಗ ಚಾರ್ಜರ್ ವಹಿಸಿಕೊಂಡಿದೆ.

ಹೆಂಡತಿ ಇದೆಲ್ಲ ಕೇಳಿಸಿಕೊಂಡು ಒಂದೇ ಮಾತು ಅಂದಳು: “ನಾ ಆಧಾರ್ ಕಾರ್ಡ್ ತೋರಿಸಿ ಬಸ್ಸಿಗೆ ಹೋಗ್ತೀನ್ರಿ. ನೀವು ಚಾರ್ಜ್ ಮಾಡ್ಕೊಂಡ್ ಸಾವಕಾಶ ಬರ್ರಿ.”

ಈ ಮಾತಿಗೆ ಯಾವ ಕಂಪನಿಯ ಬಳಿಯೂ ಉತ್ತರವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಎಷ್ಟೇ ತುಂಬಿರಲಿ, ಅದಕ್ಕೆ ರೇಂಜಿನ ಚಿಂತೆಯಿಲ್ಲ. ಅವ್ವ, ಹೆಂಡತಿ, ಅಕ್ಕ ಮೂವರೂ ಬಸ್ಸಿನಲ್ಲಿ ಹೋದರೆ ‘ಕುಟುಂಬದ ಸ್ಕೂಟರ್’ ಮೇಲೆ ಉಳಿಯುವ ಕುಟುಂಬ ನಾನೊಬ್ಬನೇ.

ಕುಟುಂಬದ ಸ್ಕೂಟರ್ ಎಂಬ ಮಾತನ್ನೂ ಒಂದಿಷ್ಟು ಹಲ್ಲು ಹಿಡಿದು ನೋಡಬೇಕು. ಜಾಹೀರಾತಿನ ಕುಟುಂಬದಲ್ಲಿ ಅಪ್ಪ, ಅಮ್ಮ, ಒಂದು ಮಗು. ಮೂವರಿಗೂ ಹೆಲ್ಮೆಟ್, ಮೂವರಿಗೂ ನಗು. ಯಾರ ಕೈಯಲ್ಲೂ ಚೀಲವಿಲ್ಲ. ನಮ್ಮ ಕುಟುಂಬಕ್ಕೆ ಗಾಡಿ ಬೇಕಾಗುವುದು ಜೋಳದ ಚೀಲ ಗಿರಣಿಗೆ ಒಯ್ಯಲು, ಮಗನನ್ನು ಸಾಲಿಗೆ ಬಿಡಲು, ವಾರದ ಸಂತೆಯಿಂದ ಕಾಯಿಪಲ್ಯೆ ತರಲು ಮತ್ತು ಎಲ್ಲಕ್ಕೂ ಮೇಲಾಗಿ, ಗ್ಯಾಸ್ ಸಿಲಿಂಡರ್ ತರಲು. ತುಂಬಿದ ಸಿಲಿಂಡರ್ ಎಂದರೆ ಒಳಗೆ 14.2 ಕಿಲೋ ಗ್ಯಾಸು, ಹೊರಗೆ ಹೆಚ್ಚುಕಡಿಮೆ ಅಷ್ಟೇ ಭಾರದ ಕಬ್ಬಿಣ. ಸೀಟಿನ ಕೆಳಗೂ ಮುಂದೂ ಸೇರಿ 56 ಲೀಟರ್ ಸಾಮಾನು ಹಿಡಿಯುತ್ತದೆ ಎಂದು ರಿಜ್ಟಾದವರು ಹೆಮ್ಮೆಯಿಂದ ಹೇಳುತ್ತಾರೆ. ಲೀಟರಿನಲ್ಲಿ ಅಳೆಯುವುದು ಹಾಲು, ಎಣ್ಣೆ. ಸಿಲಿಂಡರಿಗೆ ಬೇಕಾದದ್ದು ಕಾಲಿಡುವಲ್ಲಿ ಸಮತಟ್ಟಾದ ಜಾಗ. ಟೇಪು ಹಿಡಿದುಕೊಂಡು ಶೋರೂಮಿಗೆ ಹೋಗಿ ಅದನ್ನು ಅಳೆದವನು ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಹುಡುಗ ಟಚ್‌ಸ್ಕ್ರೀನ್ ತೋರಿಸುತ್ತಿದ್ದ, ನಾನು ನೆಲ ನೋಡುತ್ತಿದ್ದೆ.

ಈ ನಡುವೆ ಇನ್ನೊಂದು ಹೊಸ ಪದ್ಧತಿ ಬಂತು. 2025ರ ಜುಲೈಯಲ್ಲಿ ಹೀರೋ ಕಂಪನಿಯ ವಿಡಾ ವಿಎಕ್ಸ್2 ಬಂದಾಗ ಅದರ ಅಗ್ಗದ ಮಾದರಿಗೆ ಎರಡು ಬೆಲೆ: ಬ್ಯಾಟರಿ ಸಮೇತ 99,490, ಬ್ಯಾಟರಿ ಬಾಡಿಗೆಗಾದರೆ 59,490 ಕೊಟ್ಟು ಮುಂದೆ ಕಿಲೋಮೀಟರಿಗೆ 96 ಪೈಸೆ. ಕಾಕಾನಿಗೆ ಬಿಡಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಅಂದ್ರ ಎತ್ತು ನಮ್ದು, ಕಾಲು ಬಾಡಗೀವು?” ದಿನಕ್ಕೆ ಐದಾರು ಕಿಲೋಮೀಟರ್ ಓಡಿಸುವವನಿಗೆ ಆ ಲೆಕ್ಕ ಕೂಡಿಬರಬಹುದು. ಹೆಚ್ಚು ಓಡಿಸುವವನಿಗೆ ಬಾಡಿಗೆಯೇ ಪೆಟ್ರೋಲಿನ ತಮ್ಮನಾಗುತ್ತದೆ. ಇದನ್ನೆಲ್ಲ ಹೇಳುವ ಮೊದಲೇ ಕಾಕಾ ಎಲೆ ಅಡಿಕೆ ಹಾಕಿಕೊಂಡುಬಿಟ್ಟಿದ್ದ.

ಇನ್ನು ಮೇವಿನ ಮಾತು. ನಮ್ಮ ಹಳೆಯ ಬಾಗೇವಾಡಿ ತಾಲ್ಲೂಕಿನಲ್ಲಿ ಕರೆಂಟಿಗೆ ಕಡಿಮೆಯಿಲ್ಲ. ಆಲಮಟ್ಟಿ ಅಣೆಕಟ್ಟೆಯ ಕೆಳಗೆ 290 ಮೆಗಾವ್ಯಾಟಿನ ಜಲವಿದ್ಯುತ್ ಇದೆ. ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವ್ಯಾಟಿನ ಶಾಖೋತ್ಪನ್ನ ಸ್ಥಾವರ ಇದೆ; 800ರ ಮೂರು ಘಟಕ, ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಹತ್ತಿ ‘ಹೊಗೆಯೇ ಇಲ್ಲ’ ಎಂದು ಹಿಗ್ಗುವವರಿಗೆ ಒಂದು ವಿಳಾಸ ಕೊಡುತ್ತೇನೆ. ನಿಮ್ಮ ಗಾಡಿಗೂ ಸೈಲೆನ್ಸರ್ ಇದೆ. ಅದನ್ನು ಕೂಡಗಿಯಲ್ಲಿ ನಿಲ್ಲಿಸಿದ್ದಾರೆ, ಬಹಳ ಎತ್ತರಕ್ಕಿದೆ, ಯಾವಾಗ ಬಂದರೂ ನೋಡಬಹುದು. ಸ್ಥಾವರ ಬೇಡವೆಂದು 2014ರಲ್ಲಿ ಪ್ರತಿಭಟಿಸಿದ ರೈತರ ಮೇಲೆ ಗುಂಡು ಹಾರಿತ್ತು. ಆ ಕರೆಂಟಿನಲ್ಲೇ ನಾನೂ ಗಾಡಿ ತುಂಬಿಸಬೇಕು. ಊರಲ್ಲಿದ್ದವನಿಗೆ ಅದು ಸರಾಗ. ತೋಟದ ವಸ್ತಿಯಲ್ಲಿರುವ ನಮ್ಮ ಗೆಳೆಯನಿಗೆ ಪಂಪ್‌ಸೆಟ್ಟಿನ ಲೈನೇ ಮನೆಯ ಲೈನು. ತ್ರೀ ಫೇಸ್ ಬರುವುದು ದಿನಕ್ಕೆ ಏಳು ತಾಸು, ಅದರಲ್ಲಿ ಎಷ್ಟೋ ಸಲ ಅರ್ಧ ರಾತ್ರಿಯಲ್ಲಿ. ಕಬ್ಬಿಗೆ ನೀರೋ ಗಾಡಿಗೆ ಕರೆಂಟೋ ಎಂದು ರಾತ್ರಿ ಎರಡಕ್ಕೆ ಎದ್ದು ಕೂತು ಯೋಚಿಸುವವನ ಮುಂದೆ ‘ಸ್ಮಾರ್ಟ್ ಚಾರ್ಜಿಂಗ್’ ಎಂದರೆ ಸಲಿಕೆ ಎತ್ತುತ್ತಾನೆ.

ನಮ್ಮ ಮನೆಯ ತಕರಾರು ಬೇರೆ. 2023ರ ಆಗಸ್ಟಿನಿಂದ ಗೃಹಜ್ಯೋತಿಯ ಸೊನ್ನೆ ಬಿಲ್ಲು ಬರುತ್ತಿದೆ. ಹೆಸ್ಕಾಂನ ಆ ಚೀಟಿಯನ್ನು ಅವ್ವ ದೇವರ ಜಗಲಿಯ ಮೇಲಿಡುತ್ತಾಳೆ. ಆದರೆ ಪುಕ್ಕಟೆ ಸಿಗುವುದು ಇನ್ನೂರು ಯೂನಿಟ್ಟೂ ಅಲ್ಲ. 2022-23ರಲ್ಲಿ ನೀವು ಉರಿಸಿದ ಸರಾಸರಿ, ಅದರ ಮೇಲೊಂದಿಷ್ಟು. ಆಗ ಕಡಿಮೆ ಉರಿಸಿ ಉಳಿತಾಯ ಮಾಡಿದವನಿಗೆ ಈಗ ಕಡಿಮೆ ಪುಕ್ಕಟೆ. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಿಸಿದರೆ ತಿಂಗಳಿಗೆ 25 ಯೂನಿಟ್ ಹೆಚ್ಚು ಹೋಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 150 ರೂಪಾಯಿ. ಅಷ್ಟೇ ದೂರಕ್ಕೆ ಪೆಟ್ರೋಲು ಹದಿಮೂರು ಲೀಟರಾದರೂ ಬೇಕು, 1,300 ರೂಪಾಯಿಗೆ ಮೇಲೆ. ತಿಂಗಳಿಗೆ ಸಾವಿರಕ್ಕೂ ಹೆಚ್ಚು ಉಳಿತಾಯ. ಪೆಟ್ರೋಲ್ ಗಾಡಿಗಿಂತ ಇಪ್ಪತ್ತು ಸಾವಿರ ಹೆಚ್ಚು ಕೊಟ್ಟಿದ್ದರೂ ಒಂದೂವರೆ ವರ್ಷದಲ್ಲಿ ಕೈ ಸೇರುತ್ತದೆ. ಈ ಲೆಕ್ಕದಲ್ಲಿ ತಪ್ಪಿಲ್ಲ. ಅವ್ವ ಮಾತ್ರ ಒಪ್ಪಲಿಲ್ಲ: “ಸೊನ್ನಿ ಬಿಲ್ ಬರೂ ಮನ್ಯಾಗ ನೂರಾ ಐವತ್ತು ರೂಪಾಯಿ ಬಿಲ್ಲ? ಜನ ಏನಂದಾರು!”

ಆ ಇಡೀ ಲೆಕ್ಕ ನಿಂತಿರುವುದು ಒಂದು ಸಣ್ಣ ಮಾತಿನ ಮೇಲೆ: ಗಾಡಿ ಕೆಡಬಾರದು. ಅದನ್ನು ಕಲಿಸಿದವನು ಮುದ್ದೇಬಿಹಾಳದ ತಮ್ಮ.

ತಮ್ಮ ನನ್ನ ಹಾಗೆ ತಡೆಯುವವನಲ್ಲ, ಮೊದಲೇ ಕೊಂಡುಬಿಟ್ಟ. ಎಂಟು ತಿಂಗಳು ಅವನ ಗಾಡಿಯದೇ ಗುಣಗಾನ. ಸಪ್ಪಳವಿಲ್ಲ, ಖರ್ಚಿಲ್ಲ, ಎಣ್ಣೆ ಬದಲಿಸುವ ರಗಳೆಯಿಲ್ಲ. ಒಂಬತ್ತನೆಯ ತಿಂಗಳ ಒಂದು ಮಧ್ಯಾಹ್ನ, ನಲವತ್ತು ಡಿಗ್ರಿ ಬಿಸಿಲಿನಲ್ಲಿ, ತಾಳಿಕೋಟೆ ರಸ್ತೆಯಲ್ಲಿ ಅದು ನಿಂತಿತು. ಸುಮ್ಮನೆ ನಿಲ್ಲಲಿಲ್ಲ, ಪರದೆಯ ಮೇಲೆ ಒಂದು ಕೆಂಪು ಆಮೆಯ ಚಿತ್ರ ತೋರಿಸಿ ನಿಂತಿತು. ನಮ್ಮ ಅಪ್ಪನ ಹಳೆಯ ಚೇತಕ್ ಕೂಡ ನಿಲ್ಲುತ್ತಿತ್ತು. ಅಪ್ಪ ಅದನ್ನು ಎಡಕ್ಕೆ ವಾಲಿಸಿ, ಪ್ಲಗ್ ಬಿಚ್ಚಿ ಧೋತರದ ಚುಂಗಿನಿಂದ ಒರೆಸಿ ಊದಿ, ಒದ್ದರೆ ಎದ್ದು ಹೊರಡುತ್ತಿತ್ತು. ಆಮೆಯನ್ನು ಎಲ್ಲಿ ಊದುವುದು?

ತಮ್ಮ ಗ್ಯಾರೇಜಿನವನನ್ನು ಕರೆದ. ಅವನು ರಾಜದೂತ್‌ನಿಂದ ಹಿಡಿದು ರಾಶಿ ಮಾಡುವ ಮಿಷನ್ನಿನ ತನಕ ಎಲ್ಲವನ್ನೂ ಒಂದೇ ಪಾನಾದಲ್ಲಿ ಬಿಚ್ಚಿ ಕಟ್ಟಿದವನು. ಗಾಡಿಯ ಸುತ್ತ ಎರಡು ಸುತ್ತು ಬಂದು ಕೈಮುಗಿದ. “ಇದಕ್ಕ ಪಾನಾ ಹತ್ತೂದಿಲ್ಲ ಸರ್, ಲ್ಯಾಪ್‌ಟಾಪ್ ಹತ್ತಬೇಕು.” ಲ್ಯಾಪ್‌ಟಾಪ್ ಇದ್ದದ್ದು ವಿಜಯಪುರದಲ್ಲಿ, ಎಂಬತ್ತು ಕಿಲೋಮೀಟರ್ ದೂರ. ನಮ್ಮ ಜಿಲ್ಲೆಯಲ್ಲಿ ಐದಿದ್ದ ತಾಲ್ಲೂಕುಗಳು ಹತ್ತು ದಾಟಿವೆ. ತಹಶೀಲ್ದಾರರು ಹೆಚ್ಚಾದರು, ಆ ಕಂಪನಿಯ ಲ್ಯಾಪ್‌ಟಾಪ್ ಒಂದೇ ಉಳಿಯಿತು. ಸಹಾಯವಾಣಿಗೆ ಹಚ್ಚಿದರೆ ಹಿಂದಿ ಬೇಕಾದರೆ ಒಂದು ಒತ್ತಿರಿ, ಇಂಗ್ಲಿಷ್ ಬೇಕಾದರೆ ಎರಡು ಒತ್ತಿರಿ. ಕನ್ನಡ ಬೇಕಾದವರು ಹಣೆ ಒತ್ತಿಕೊಳ್ಳಬೇಕು. ಕಡೆಗೆ ಟಂಟಂ ಗೊತ್ತು ಮಾಡಿದ. ಬಾಡಿಗೆ ಕೇಳಿದರೆ ಟಂಟಂನವ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, “ಎಮ್ಮಿ ಒಯ್ದಷ್ಟ ಕೊಡ್ರಿ” ಅಂದ. ಹೀಗೆ, ಪೆಟ್ರೋಲ್ ಉಳಿಸಲು ಬಂದ ಗಾಡಿ ಡೀಸೆಲ್ ಟಂಟಂ ಹತ್ತಿ, ಹಗ್ಗ ಬಿಗಿಸಿಕೊಂಡು, ಎಮ್ಮೆಯ ಮರ್ಯಾದೆಯಲ್ಲಿ ಜಿಲ್ಲಾ ಕೇಂದ್ರಕ್ಕೆ ಹೊರಟಿತು. ಇಪ್ಪತ್ತೆರಡು ದಿನ ಅಲ್ಲಿತ್ತು. ದಿನಾ ಮುಂಜಾನೆ ತಮ್ಮನ ಮೊಬೈಲಿಗೆ ಗಾಡಿಯೇ ಸಂದೇಶ ಕಳಿಸುತ್ತಿತ್ತು: ‘ಶುಭೋದಯ, ಇಂದಿನ ಸವಾರಿಗೆ ಸಿದ್ಧ!’

ಇದು ತಮ್ಮನೊಬ್ಬನ ಗೋಳಲ್ಲ. 2024ರ ಸೆಪ್ಟೆಂಬರಿನಲ್ಲಿ ಪಕ್ಕದ ಕಲಬುರಗಿಯಲ್ಲಿ, ರಿಪೇರಿಗೆ ಅಲೆದು ಬೇಸತ್ತ ಗ್ರಾಹಕನೊಬ್ಬ ಸ್ಕೂಟರ್ ಶೋರೂಮಿಗೇ ಬೆಂಕಿ ಹಚ್ಚಿ ಪೊಲೀಸರ ಕೈಗೆ ಸಿಕ್ಕ. ಅವನು ಮಾಡಿದ್ದು ತಪ್ಪು, ಅಪರಾಧ. ಆದರೆ ಅದಕ್ಕೂ ಎರಡು ವರ್ಷದ ಹಿಂದೆ ತಾವಾಗಿ ಉರಿಯುತ್ತಿದ್ದ ಗಾಡಿಗಳನ್ನು ನಿಯಮ ತಂದು ಆರಿಸಿದ ಸರ್ಕಾರ, ಗಿರಾಕಿ ಹತ್ತಿಕೊಂಡು ಉರಿದರೆ ಯಾವ ಎಐಎಸ್ ನಂಬರ್ ಹಚ್ಚುತ್ತದೆ?

ಇಷ್ಟು ಕೇಳಿದ ಮೇಲೆ ಕಾಕಾ ಹೇಳಿದ್ದು: “ನಡಿ, ನಾನ ಬರ್ತೀನಿ.” ಹಾಗೆ ಶೋರೂಮಿಗೆ ಬಂದವನು ಹಲ್ಲು ಹುಡುಕುತ್ತ ಕೂತಿದ್ದ.

ಹುಡುಗ ಪಾಪ, ಬಾಯಿಪಾಠ ಒಪ್ಪಿಸಿದ. ಎಂಟು ವರ್ಷದ ಗ್ಯಾರಂಟಿ ಅಂದ. ಅದು ಹೆಚ್ಚಿನ ರೊಕ್ಕ ಕೊಟ್ಟರೆ, ಇಲ್ಲದಿದ್ದರೆ ಮೂರು ವರ್ಷ ಇಲ್ಲವೆ 50,000 ಕಿಲೋಮೀಟರ್, ಯಾವುದು ಮೊದಲೋ ಅದು. ಶೋರೂಮ್ ಬೆಲೆ ಅಂದ. ರಸ್ತೆಗಿಳಿಯುವ ಬೆಲೆ ಬೇರೆ. ಸಾಫ್ಟ್‌ವೇರ್ ಪ್ಯಾಕ್ ಅಂದ, ಅದಕ್ಕೂ ಬೇರೆ. ಬಿಸಿಲಲ್ಲಿ ಓಡಿಸಿ ಬಂದ ಕೂಡಲೆ ಚಾರ್ಜಿಗೆ ಹಾಕಬೇಡಿ, ತಣಿಯಲು ಬಿಡಿ ಅಂದಾಗ ಮಾತ್ರ ಕಾಕಾ ತಲೆದೂಗಿದ. “ದಣದ ಬಂದ ಎತ್ತಿಗೆ ತಟ್ಟನ ನೀರ ಕುಡಸಬಾರ್ದು. ಖರೇ ಐತಿ.”

ಆಮೇಲೆ ಕಾಕಾ ಟವೆಲ್ ತೆಗೆದು ಹುಡುಗನ ಕೈಮೇಲೆ ಹಾಕಿ, ಒಳಗೆ ಅವನ ಬೆರಳು ಹಿಡಿದ. ಹುಡುಗ ಹೆದರಿ ನನ್ನ ಮುಖ ನೋಡಿದ. “ಫಿಕ್ಸ್ ರೇಟ್ ಐತ್ರೀ ಯಜಮಾನ್ರ!” ಅಂದ. ಕಾಕಾ ಕೈ ಬಿಟ್ಟ. ಟವೆಲ್ ಹೆಗಲಿಗೆ ಹಾಕಿಕೊಂಡು, “ಕೊಟ್ಟಿಗಿ ತೋರ್ಸು,” ಅಂದ.

“ಏನ್ರೀ?”

“ಹಿತ್ತಲ ತೋರ್ಸಪಾ. ರಿಪೇರಿ ಎಲ್ಲಿ ಮಾಡ್ತೀರಿ?”

ಹಿತ್ತಲಿಗೆ ಗಿರಾಕಿಗಳನ್ನು ಬಿಡುವುದಿಲ್ಲ ಅನ್ನುವಷ್ಟರಲ್ಲಿ ಕಾಕಾ ಹಿತ್ತಲಲ್ಲಿದ್ದ. ತಗಡಿನ ಶೆಡ್ಡಿನ ಕೆಳಗೆ ಸಾಲಾಗಿ ಸ್ಕೂಟರುಗಳು ನಿಂತಿದ್ದವು. ಮುಂದಿನ ಕೋಣೆಯವುಗಳ ಹಾಗೆ ಹೊಳೆಯುತ್ತಿರಲಿಲ್ಲ; ಒಂದೊಂದರ ಮೇಲೂ ಎರಿಮಣ್ಣಿನ ಧೂಳು ಬೆರಳ ಗಾತ್ರ ಕೂತಿತ್ತು. ಹ್ಯಾಂಡಲಿಗೆ ದಾರ ಕಟ್ಟಿ ಚೀಟಿ ತೂಗಿಬಿಟ್ಟಿದ್ದರು, ಬಂದ ತಾರೀಕು ಬರೆದು. ಕಾಕಾನಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಒಂದೊಂದೇ ಚೀಟಿ ತಿರುಗಿಸಿ ಓದಿದ. ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು, ಒಂದು ಯುಗಾದಿಯ ಮುಂಚಿನದು. ಎಣಿಸಿದ: ಎಂಟು.

“ಇಲ್ಲಿ ಅದಾವ ನೋಡು ಹಲ್ಲು,” ಅಂದ. “ಬಾಯಿಗೂಡೇತಿ. ನಡಿ.”

ಅಂದು ನಾಲ್ಕು ಅಂಗಡಿ ತಿರುಗಿದೆವು. ಕಾಕಾ ಒಂದರಲ್ಲೂ ಮುಂಬಾಗಿಲ ಗಾಡಿಯನ್ನು ಮತ್ತೆ ಮುಟ್ಟಲಿಲ್ಲ. ನೇರ ಹಿತ್ತಲು. ಒಂದರ ಹಿತ್ತಲಲ್ಲಿ ಆರು. ಒಂದಕ್ಕೆ ಹಿತ್ತಲೇ ಇರಲಿಲ್ಲ. “ಕೆಟ್ರ ವಿಜಾಪುರಕ್ಕ ಕಳಸ್ತೀವ್ರಿ” ಅಂದರು. ಕಡೆಯದರಲ್ಲಿ ಎರಡೇ ಎರಡು ಗಾಡಿ, ಒಂದು ಲ್ಯಾಪ್‌ಟಾಪ್, ಅದರ ಮುಂದೆ ಮೈಕೈಯೆಲ್ಲ ಧೂಳಾದ ನಮ್ಮ ಊರ ಕಡೆಯ ಹುಡುಗ. “ಬ್ಯಾಟರಿ ಕೆಟ್ರ ಎಷ್ಟ ದಿನದಾಗ ಬರ್ತೈತಿ?” ಎಂದು ಕಾಕಾ ಕೇಳಿದ್ದಕ್ಕೆ ಅವನು, “ಗೊತ್ತಿಲ್ರೀ ಕಾಕಾರ, ನಮ್ಮ ಕಡೆ ಇನ್ನೂ ಒಂದೂ ಬಂದಿಲ್ಲ” ಅಂದ. ಐದು ವರ್ಷದಲ್ಲಿ ಈ ಉದ್ಯಮದವರ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

“ನಿಮ್ಮೂರು ಯಾವ್ದು?” ಅಂದ ಕಾಕಾ.

“ಹೂವಿನ ಹಿಪ್ಪರಗಿ ರೀ.”

ವ್ಯಾಪಾರ ಮುಗಿಯಿತು. ದೊಡ್ಡ ಬ್ಯಾಟರಿಯದು ಕೊಳ್ಳಲು ನಾನು ಹೊರಟಿದ್ದೆ, ಸಿಂದಗಿಯ ಮಾವನವರ ಮುಖ ನೋಡಿ. ಕಾಕಾ ತಡೆದ. “ವರ್ಷಕ್ಕ ಎರಡ ಸಲ ಜಾತ್ರಿಗಿ ಹೋಗಾಕ ಯಾರರ ಎರಡ ಜೋಡಿ ಎತ್ತ ಸಾಕ್ತಾರೇನೋ? ಸಾಲಿ, ಗಿರಣಿ, ಸಂತಿ. ಅಷ್ಟಕ್ಕ ಆದ್ರ ಸಾಕು. ಬೀಗರ ಊರಿಗಿ ಬಸ್ ಐತಿ.” ಹೀಗೆ ಇರುವುದರಲ್ಲೇ ಸಣ್ಣ ಬ್ಯಾಟರಿಯದನ್ನು ತಂದೆವು. ಉಳಿದ ರೊಕ್ಕದಲ್ಲಿ ಎರಡು ಒಳ್ಳೆಯ ಹೆಲ್ಮೆಟ್ ಬಂದವು, ಮಗನಿಗೊಂದು ಸಣ್ಣದು. ಭಾವ ಇಂಡಿಯಿಂದ ನಿಂಬೆಹಣ್ಣು ಕಳಿಸಿದ್ದ. ಪೂಜೆ ಮಾಡಿ ಗಾಲಿಯ ಕೆಳಗಿಟ್ಟು ಹಾಯಿಸಿದೆವು. ತಾನು ಯಾವ ಊರಿನದು ಎಂಬುದಕ್ಕೆ ಪಕ್ಕಾ ಕಾಗದ ಇದ್ದದ್ದು ಆ ನಿಂಬೆಗೊಂದಕ್ಕೇ.

ಗಾಡಿ ಚೆನ್ನಾಗಿದೆ. ಸಿಲಿಂಡರ್ ಕೂಡುತ್ತದೆ. ಅವ್ವ 150 ರೂಪಾಯಿಯ ಬಿಲ್ಲನ್ನು ಜಗಲಿಯ ಮೇಲಿಡದೆ ಹಾಸಿಗೆಯ ಕೆಳಗಿಡುತ್ತಾಳೆ. ಕಾಕಾ ಪೇಟೆಗೆ ಹೋದಾಗಲೆಲ್ಲ ಆ ಅಂಗಡಿಯ ಹಿತ್ತಲಿಗೆ ಹಣಿಕಿ ನೋಡಿ ಬಂದು, “ಇನ್ನೂ ಎರಡ ಅದಾವ” ಎಂದು ವರದಿ ಕೊಡುತ್ತಾನೆ.

ಮೊನ್ನೆ ಹೋದಾಗ ಮೂರು ಇದ್ದವು. ಮೂರನೆಯದು ನಮ್ಮದು.

ನಾನು ಕಂಗಾಲಾಗಿ ಕಾಕಾನ ಮುಖ ನೋಡಿದೆ. ಅವನು ನಿಶ್ಚಿಂತೆಯಿಂದ ಎಲೆಗೆ ಸುಣ್ಣ ಹಚ್ಚುತ್ತ ಅಂದ:

“ಮೂರು ಹಲ್ಲಿನ ಎತ್ತು ಎಲ್ಲೂ ಇಲ್ಲ. ತಡಿ, ನಾಕನೇದು ಬರ್ತೈತಿ.”